ವಿದ್ಯಾವತಿಯ ಗಿರಣಿ: ನಾಲ್ಕನೆಯ ಕರಡು

ಎಲ್ಲಿಂದ ಶುರು ಮಾಡಲಿ? ಮೊದಲ ಕರಡು ಆಕೆ ಹುಟ್ಟಿದ ವರ್ಷದಿಂದ ಶುರುವಾಗಿತ್ತು. ಎರಡನೆಯದು ಒಂದು ಸುಭಾಷಿತದಿಂದ. ಮೂರನೆಯದು 'ಅದೊಂದು ಬಿಸಿಲಿನ ಮಧ್ಯಾಹ್ನ' ಎಂದು. ಮೂರನ್ನೂ ಹರಿದೆ. (ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನಲ್ಲಿ ಮಧ್ಯಾಹ್ನ ಬಿಸಿಲಿರುವುದು ಸುದ್ದಿಯಲ್ಲ.) ಇಪ್ಪತ್ತಾರು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಕಥೆ ಬರೆಯುವುದು ಕಷ್ಟ, ಯಾರು, ಏನು, ಎಲ್ಲಿ ಎಂಬುದನ್ನು ಮೊದಲೇ ಹೇಳಿಬಿಡುತ್ತಾನೆ. ಇರಲಿ, ಹೇಳಿಬಿಡುತ್ತೇನೆ.

1.

ಉಟಗಿಯ ವಿದ್ಯಾವತಿ, ವಯಸ್ಸು ನಲವತ್ತೊಂದು, ಮನೆಯಲ್ಲಿಟ್ಟುಕೊಳ್ಳುವ ಸಣ್ಣ ಹಿಟ್ಟಿನ ಗಿರಣಿಗಳನ್ನು ತಯಾರಿಸುತ್ತಾರೆ. ಮಿರಜಿನಲ್ಲಿ ಮೋಟರಿಗೆ ತಂತಿ ಸುತ್ತುವುದನ್ನು ಕಲಿತು ಬಂದವರು. ಒಂಬತ್ತು ವರ್ಷಗಳಲ್ಲಿ ಇನ್ನೂರ ಹನ್ನೆರಡು ಗಿರಣಿ. (ನಾನು ಎಣಿಸಿದ್ದಲ್ಲ, ಅವರು ಹೇಳಿದ್ದು.) ಒಬ್ಬ ಸಂಪಾದಕರು 'ವಿದ್ಯಾವತಿಯವರ ಬದುಕಿನಿಂದ ಐದು ಪಾಠಗಳು' ಬರೆದುಕೊಡಿ ಎಂದಿದ್ದರು. ಕಥೆ ಕೇಳಿರಲಿಲ್ಲ.

ಮೊದಲ ಪಾಠ ಸುಲಭವಾಗಿ ಸಿಕ್ಕಿತು. ಅವರ ಮೊದಲ ಗಿರಣಿಗೆ ನಾಲ್ಕು ಗುಂಡಿಗಳಿದ್ದವು. ಈಗಿನದಕ್ಕೆ ಒಂದೇ ತಿರುಪು, ಹಿಟ್ಟು ಸಣ್ಣಗೋ ತರಿಯೋ ಎಂಬುದಕ್ಕೆ.

"ಇದನ್ನ ಹೆಂಗ ನಡಸೂದು ಅಂತ ಯಾರರೆ ಕೇಳಿದ್ರ ತಪ್ಪು ಕೇಳಿದವರದಲ್ಲರಿ, ಮಾಡಿದಾಕಿದು," ಎಂದರು.

ಬರೆದುಕೊಂಡೆ. ಹಿಟ್ಟು ಬೀಳುವ ಬಾಯಿಗೆ ಕಟ್ಟುವ ಬಟ್ಟೆಯ ತೋಳನ್ನೂ ಅವರು ಈಚೆಗೆ ತೆಗೆದುಹಾಕಿದ್ದರು. ಬಟ್ಟೆ ಹೊಲಸಾಗುತ್ತದೆ, ಹಿಟ್ಟು ಹಾರುತ್ತದೆ, ಬೆರಳು ಒಳಗೆ ಹೋಗುತ್ತದೆ. ಈಗ ಎಲ್ಲವೂ ಮುಚ್ಚಿದ ಡಬ್ಬಿಯೊಳಗೆ. ಬೀಸಿ ಮುಗಿದರೆ ಹಸಿರು ದೀಪ. ಅಲ್ಲಿಗೆ ಪಾಠ ಎರಡು, ಮೂರು, ನಾಲ್ಕು. ಐದನೆಯದನ್ನು ಹುಡುಕುತ್ತಿದ್ದಾಗ ದರಿಬಡಚಿಯಿಂದ ಫೋನು ಬಂತು. ಗಿರಣಿ ವಾಪಸು ಒಯ್ಯಬೇಕಂತೆ. ಜೀಪು ಹತ್ತಿದೆವು.

2.

ಫೋನು ಮಾಡಿಸಿದವರು ಚಂದ್ರಾಬಾಯಿ, ಅರವತ್ತು ದಾಟಿದವರು. ಓಣಿಯ ಹನ್ನೊಂದು ಮನೆಗಳ ಜೋಳ ಬೀಸಿಕೊಟ್ಟು ತಮ್ಮ ಹೊಟ್ಟೆಯನ್ನು ತಾವೇ ನೋಡಿಕೊಳ್ಳುತ್ತಾರೆ. ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಹಳೆಯ ಗಿರಣಿ ಕೆಟ್ಟಿತೆಂದು ಹೊಸದನ್ನು ತರಿಸಿದ್ದರು, ಎಂಟು ದಿನ ನೋಡಿ ಇಟ್ಟುಕೊಳ್ಳುವ ಕರಾರಿನ ಮೇಲೆ. ಅಂದು ಎಂಟನೆಯ ದಿನ. ಹಿಟ್ಟು ತರಿಯಾಗಿದೆ, ರೊಟ್ಟಿ ಬಡಿದರೆ ಹರಿಯುತ್ತದೆ ಎಂದು ಮೂರು ಮನೆಯವರು ಆಗಲೇ ಜೋಳವನ್ನು ಬೇರೆ ಕಡೆ ಒಯ್ದಿದ್ದರು. ಉಳಿದ ಎಂಟು ಮನೆಗಳೂ ಹೋದರೆ ಚಂದ್ರಾಬಾಯಿ ಮಗಳ ಮನೆಗೆ ಹೋಗಿ ಇರಬೇಕು. ಅದು ಅವರಿಗೆ ಬೇಡ.

(ಇಲ್ಲೊಂದು ಭಾವಪೂರ್ಣ ಪ್ಯಾರಾ ಇತ್ತು. ಅದರಲ್ಲಿ ಚಂದ್ರಾಬಾಯಿ ಅತ್ತರು. ನಿಜವಾಗಿ ಅಳಲಿಲ್ಲ. ಹೊಡೆದುಹಾಕಿದೆ.)

"ದೀಪ ಹತ್ತೇತೋ ಇಲ್ಲೋ ನನಗೇನ ಗೊತ್ತ ಯವ್ವಾ? ಬೆರಳ ಹಚ್ಚಿ ನೋಡೂಣಂದ್ರ ನೀ ಅದರ ಬಾಯೇ ಹೊಲದಿಟ್ಟಿ."

"ಬೆರಳ ಹೋಗಬಾರದಂತನ ಮುಚ್ಚೀನಿ ಆಯಿ."

"ಮೂವತ್ತ ವರ್ಷ ಗಿರಣಿ ನಡಸೇನಿ. ಹತ್ತೂ ಅದಾವ, ಎಣಿಸ್ಕೊ."

ಎರಡೂ ಕೈ ಮುಂದೆ ಚಾಚಿದರು. ವಿದ್ಯಾವತಿ ಎಣಿಸಲಿಲ್ಲ. ನಾನು ಎಣಿಸಿದೆ. ಹತ್ತು.

3.

ಈಗ ಒಂದು ಮುಕ್ತಾಯ ಬೇಕಲ್ಲ. ಜೋಳದ ಚೀಲದ ಮೇಲೆ ಕೂತು ಮೂರು ಬರೆದೆ. ಇಬ್ಬರಿಗೂ ಓದಿ ಹೇಳಿದೆ.

ಅ) ವಿದ್ಯಾವತಿ ಗಿರಣಿಗೆ ದನಿ ಜೋಡಿಸುತ್ತಾರೆ. ಬೀಸಿ ಮುಗಿದ ಕೂಡಲೇ ಅದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಮುಗಿಯಿತೆಂದು ಹೇಳುತ್ತದೆ. (ವಿದ್ಯಾವತಿ ನಕ್ಕರು. ಮುಗಿದದ್ದನ್ನು ಅದು ಹೇಳೀತು, ಹಿಟ್ಟು ಸಣ್ಣಗಾದದ್ದನ್ನು ಯಾರು ಹೇಳಬೇಕು ಎಂದು ಕೇಳಿದರು.)

ಆ) ಚಂದ್ರಾಬಾಯಿ ಕೆಲಸ ಬಿಡುತ್ತಾರೆ. ಓದುಗರ ಮನಸ್ಸು ಕಲಕುತ್ತದೆ.

"ನಾ ಯಾಕ ಬಿಡ್ಲಿ? ನೀ ಬಿಡು ಬರಿಯೂದು," ಎಂದರು ಚಂದ್ರಾಬಾಯಿ.

ಇ) ವಿದ್ಯಾವತಿ ತಪ್ಪೊಪ್ಪಿಕೊಂಡು ನಾಲ್ಕು ಮಾತು ಆಡುತ್ತಾರೆ, ನನಗೆ ಐದನೆಯ ಪಾಠ ಸಿಗುತ್ತದೆ.

"ಅಣ್ಣಾರ, ಪಾಠ ಆಮ್ಯಾಲ ಬರಕೋರಿ. ಮೊದಲ ಆ ಕತ್ತರಿ ಕೊಡ್ರಿ," ಎಂದರು ವಿದ್ಯಾವತಿ.

ಕೊಟ್ಟೆ. ಈ ಕಥೆಯಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು.

ಅವರು ಡಬ್ಬಿ ಕಳಚಿದರು. ಬೆರಳು ಬೀಸುವ ಕಲ್ಲಿನವರೆಗೆ ಹೋಗದಂತೆ, ಜೀಪಿನಲ್ಲಿದ್ದ ಸಾಮಾನಿನಿಂದ ಗೇಣುದ್ದದ ತಗಡಿನ ಕೊಳವೆ ಹುಡುಕಿ ಬಾಯಿಗೆ ಸಿಕ್ಕಿಸಿದರು. ಅದರ ತುದಿಗೆ ಚಂದ್ರಾಬಾಯಿಯ ಹಳೆಯ ಸೀರೆಯ ತುಂಡು ಕತ್ತರಿಸಿ ತೋಳಿನ ಹಾಗೆ ಕಟ್ಟಿದರು. ಗಂಟು ಎರಡು ಸಲ ಬಿಚ್ಚಿಹೋಯಿತು. ಒಂಬತ್ತು ವರ್ಷ ಒಂದೊಂದನ್ನೇ ತೆಗೆಯುತ್ತ ಬಂದ ಕೈಗೆ, ತೆಗೆದದ್ದನ್ನು ಮತ್ತೆ ಕಟ್ಟುವುದು ಕಷ್ಟವಾಯಿತೇ? ಗೊತ್ತಿಲ್ಲ. ಗಂಟು ಬಿಚ್ಚಿದ್ದು ಮಾತ್ರ ನಿಜ.

ಗಿರಣಿ ಶುರುವಾಯಿತು. ಚಂದ್ರಾಬಾಯಿ ಬಟ್ಟೆಯೊಳಗೆ ಕೈಯಿಟ್ಟು, ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು. ಇನ್ನೊಂಚೂರು ಸಣ್ಣಗೆ ಎಂದರು. ವಿದ್ಯಾವತಿ ತಿರುಪು ತಿರುಗಿಸಿದರು. ಚಂದ್ರಾಬಾಯಿ ಮತ್ತೆ ಉಜ್ಜಿದರು. ಹದವಾಯಿತೆಂಬಂತೆ ತಲೆಯಾಡಿಸಿ, ಕೈ ಬಟ್ಟೆಯೊಳಗೇ ಇಟ್ಟುಕೊಂಡರು.

ಹೊರಗೆ ಜೀಪಿನವನು ಹಾರ್ನ್ ಹೊಡೆದ. ಗಿರಣಿಯನ್ನು ಹೇರಲೋ ಬೇಡವೋ ಎಂದು ವಿದ್ಯಾವತಿ ಮೆಲ್ಲಗೆ ಕೇಳಿದರು. ನಾನು ಪೆನ್ನು ಹಿಡಿದು ಕಾದೆ. ನಿಮಗೂ ತಿಳಿಯಬೇಕಾದದ್ದು ಇದೊಂದೇ.

"ಜೀಪ ನಿಂದ್ರಲಿ ಬಿಡವ್ವಾ," ಎಂದರು ಚಂದ್ರಾಬಾಯಿ, ಕೈ ತೆಗೆಯದೆ. "ಇನ್ನ ಹಿಟ್ಟ ಬೀಳಾಕತ್ತೈತಿ."