ಯಾರ ಬಲಕ್ಕ?

ಕಾರ್ತಿಕದ ಮೊದಲ ಸೋಮವಾರ, ರಾಯವ್ವ ಎರಡನೆಯ ಸಲದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದ ಹೊತ್ತಿಗೆ ಅದು ಶುರುವಾಯಿತು. ರಾಮದುರ್ಗದ ನಮ್ಮ ಓಣಿಯಲ್ಲಿ ಆ ಟಪಟಪ ಸದ್ದು ಕೇಳಿದರೆ ಏಳು ಗಂಟೆ. ಅಂದು ಸದ್ದು ನಡುವೆಯೇ ನಿಂತಿತು. ಎದುರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನಾನು ಎದ್ದು ಹೋದೆ.

ಬಾಗಿಲಲ್ಲಿ ಮನೆಯ ಮಾಲೀಕ ಶಟ್ಟೆಪ್ಪ ನಿಂತಿದ್ದ. ಅವನ ಹಿಂದೆ ಹೆಂಡತಿಯ ತಮ್ಮ ಕಲ್ಮೇಶ. ಕಲ್ಮೇಶನ ಹಿಂದೆ ಟಂಟಂ ಗಾಡಿಯಲ್ಲಿ ಮೊಬೈಲ್ ಅಂಗಡಿಯ ಗಾಜಿನ ಕಪಾಟು.

ಆ ಮನೆಗೆ ನಡುವೆ ಒಂದೇ ಬಾಗಿಲು, ಬಾಗಿಲಿಗೆ ಎದುರಾಗಿ ಒಳಗೆ ದೇವರ ಜಗಲಿ, ಆಚೀಚೆ ಎರಡು ಖೋಲಿ. ಒಳಗೆ ಹೋಗುವಾಗ ಎಡಕ್ಕೆ ಸಿಗುವುದು ರಾಯವ್ವನದು. ಅದಕ್ಕೆ ರಸ್ತೆಯ ಕಡೆ ಕಿಟಕಿ, ಒಲೆ, ಒಲೆಯ ಹೊಗೆ ಹೋಗಲು ಬೆಳಕಿಂಡಿ. ಬಲಕ್ಕಿನದು ಕತ್ತಲು ಖೋಲಿ. ಅಲ್ಲಿ ಮೆಹರುನಬಿ ಹಗಲಲ್ಲೂ ಲೈಟು ಹಚ್ಚಿಕೊಂಡು ಜಂಪರು ಹೊಲಿಯುತ್ತಾಳೆ. ರಾಯವ್ವನ ರೊಟ್ಟಿ ಮೂರು ಖಾನಾವಳಿಗೆ ಹೋಗುತ್ತವೆ. ಆ ಒಲೆ ಹೋದರೆ ಅವಳ ಹೊಟ್ಟೆಯ ದಾರಿಯೇ ಹೋದಂತೆ.

"ರಾಯವ್ವಾ, ನಿನ್ನ ಬಾಡಿಗಿ ಪತ್ರದಾಗ ಏನ ಬರದೈತಿ?" ಎಂದ ಶಟ್ಟೆಪ್ಪ.

"ನನಗೇನ ಓದಾಕ ಬರತೈತ್ರಿ ಸಾವಕಾರ್ರ? ಬರಸಿದವರು ನೀವ."

"'ಬಾಗಿಲ ಬಲಕ್ಕಿನ ಖೋಲಿ' ಅಂತೈತಿ. ನೀ ಎಡಕ್ಕ ಕುಂತೀದಿ. ಪತ್ರ ಒಂದ ಖೋಲಿಗೆ, ಒಲಿ ಇನ್ನೊಂದ್ರಾಗ ಅಂದ್ರ ಕಾಯದೆ ಸುಮ್ನಿರತೈತೇನ? ಗುರುವಾರದೊಳಗ ಬಲಕ್ಕ ಸರಕೊ."

ಮೆಹರುನಬಿ ಮಶೀನ್ ಬಿಟ್ಟು ಹೊರಗೆ ಬಂದಳು. "ಬಲಕ್ಕ ನಾ ಅದೇನಲ್ರಿ?"

"ನಿನಗ ಪತ್ರಾನ ಇಲ್ಲವಾ. ಇಬ್ಬರೂ ಹೊಂದಕೊಂಡ ಇರ್ರಿ. ಅಕ್ಕ-ತಂಗ್ಯಾರಂಗ ಅದೀರಿ."

"ಅಲ್ರೀ, ಅಲ್ಲಿ ಬೆಳಕಿಂಡಿನೂ ಇಲ್ಲ. ಈಕಿ ಒಲಿ ಹಚ್ಚಿದ್ರ ನಾ ಜಂಪರ ಹೊಲಿಯೋದೋ, ಹೊಗಿ ಹೊಲಿಯೋದೋ?"

ಕಲ್ಮೇಶ ಆಗಲೇ ಕಿಟಕಿಯನ್ನು ಗೇಣು ಹಾಕಿ ಅಳೆಯುತ್ತಿದ್ದ.

ರಾಯವ್ವ ನನ್ನ ಕಡೆ ನೋಡಿದಳು. ಆ ಪತ್ರಕ್ಕೆ ಸಾಕ್ಷಿ ನಾನೇ. ನಲವತ್ತು ವರ್ಷ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವನು ನಾನು. ನಮ್ಮ ಓಣಿಯಲ್ಲಿ ಮನೆಯ ಎಡ-ಬಲ ಎಣಿಸುವುದು ದೇವರ ಜಗಲಿಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ. ಹಾಗೆ ಎಣಿಸಿದರೆ ರಾಯವ್ವ ಬಲಕ್ಕೇ ಇದ್ದಾಳೆ. ಶಟ್ಟೆಪ್ಪನಿಗೂ ಇದು ಗೊತ್ತು. ಆದರೆ ನಾನು ಹೇಳಿದರೆ ಅವನು ಅಲ್ಲ ಎನ್ನುತ್ತಿದ್ದ. ಅದಕ್ಕೆ ಬೇರೆ ಮಾತು ಆಡಿದೆ.

"ಸಾವಕಾರ್ರ, ನಿಮ್ಮದ ಖರೆ. ಆದ್ರ ನಾಳಿ ಈಕಿ ವಕೀಲರ ಕಡೆ ಹೋಗಿ 'ಯಾರ ಬಲಕ್ಕ?' ಅಂತ ತಕರಾರ ತಗದ್ರ? ಒಂದ ಕಾಗದದ ಮ್ಯಾಲ ಬರದು ಸಹಿ ಮಾಡಿಬಿಡ್ರಿ. ಸಾಕ್ಷಿಗೆ ನಾ ಅದೇನಿ."

ರಾಯವ್ವನ ಕೈಯ ಹಿಟ್ಟಿನುಂಡೆ ನೆಲಕ್ಕೆ ಬಿತ್ತು. "ಕಾಡಪ್ಪಜ್ಜಾ, ನಿನ್ನ ನಾಲಿಗಿಗೆ ಬರಿ ಹಾಕ! ನನ್ನ ರೊಟ್ಟಿ ತಿಂದು ಆತನ ವಕಾಲತ್ತ ಮಾಡ್ತಿ?"

ಶಟ್ಟೆಪ್ಪ ಹಿಗ್ಗಿ ಕಲ್ಮೇಶನ ಪೆನ್ನು ಇಸಿದುಕೊಂಡ. ನಾನು ಹೇಳಿದೆ, ಅವನು ಬರೆದ: "ನಮ್ಮ ಮನೆತನದ ಯಾವ ಪತ್ರದಲ್ಲಾದರೂ ಬಾಗಿಲ ಎಡ-ಬಲ ಎಂದರೆ ಹೊರಗಿನಿಂದ ಒಳಗೆ ಹೋಗುವವನ ಎಡ-ಬಲ." ಸಹಿ ಮಾಡಿದ. ನಾನೂ ನಿಧಾನಕ್ಕೆ ಮಾಡಿದೆ. ನನ್ನ ಮುಖವನ್ನೇ ನೋಡುತ್ತಿದ್ದ ಮೆಹರುನಬಿ ಫೋನು ತೆಗೆದು ಕಾಗದದ ಫೋಟೋ ಹೊಡೆದುಕೊಂಡಳು.

ಕಾಗದ ಮಡಿಚಿ ಜೇಬಿಗಿಟ್ಟು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ ಹೊಂಟಿ ಅಜ್ಜಾ?" ಶಟ್ಟೆಪ್ಪ ಕೇಳಿದ.

"ಮುನವಳ್ಳಿಗ್ರಿ. ನಿಮ್ಮ ಅಣ್ಣ ದುರ್ಗಪ್ಪಗ ಇದನ್ನ ತೋರಿಸಿ ಬರತೇನಿ."

"ಅವಗ್ಯಾಕ?"

"ನಿಮ್ಮಪ್ಪನ ದೊಡ್ಡಮನಿ ಪಾಲ ಆದಾಗ ನಡುವಿನ ಗ್ವಾಡಿ ಕಟ್ಟಿದಾಂವ ನಾನ. 'ಬಾಗಿಲ ಎಡಕ್ಕಿನ ಭಾಗ ಶಟ್ಟೆಪ್ಪಗ, ಬಲಕ್ಕಿಂದು ದುರ್ಗಪ್ಪಗ' ಅಂತ ಪಾಲಿನ ಪತ್ರದಾಗ ಐತಿ. ನೀವು ಆ ಮನಿ ಒಳಗ ಹೋಗುವಾಗ ಯಾ ಕಡೆ ಹೊರಳತೀರಿ?"

ಶಟ್ಟೆಪ್ಪನ ಬಲಗೈ ತಾನಾಗಿಯೇ ಎದ್ದಿತು. ಎದ್ದದ್ದು ಅಲ್ಲೇ ನಿಂತಿತು. ಆ ಬಲಕ್ಕಿನ ಭಾಗಕ್ಕೆ ಅವನು ಹೋದ ವರ್ಷವಷ್ಟೇ ಮಾರ್ಬಲ್ ಹಾಕಿಸಿದ್ದ. ದುರ್ಗಪ್ಪನದೆಂದು ಬೀಗ ಹಾಕಿಟ್ಟ ಎಡಭಾಗದಲ್ಲಿ ಪಾರಿವಾಳಗಳಿದ್ದವು.

"ಹಂಗಾದ್ರ ಮಾರ್ಬಲ್ ದುರ್ಗಪ್ಪಣ್ಣಾರಿಗೆ, ಪಾರಿವಾಳ ನಿಮಗ?" ಎಂದಳು ಮೆಹರುನಬಿ. "ಅವರ ಜೋಡಿನೂ ಹೊಂದಕೊಂಡ ಇರ್ರಿ."

ಶಟ್ಟೆಪ್ಪ ನನ್ನ ಜೇಬಿಗೆ ಕೈ ಹಾಕಿ ಕಾಗದ ಎಳೆದು ಒಲೆಗೆ ಒಗೆದ. ಉರಿ ಭುಗ್ಗೆಂದಿತು. ರಾಯವ್ವ ಗಡಬಡಿಸದೆ ರೊಟ್ಟಿ ತಿರುವಿ ಹಾಕಿದಳು.

"ಫೋಟೋ ಐತ್ರಿ ಸಾವಕಾರ್ರ," ಎಂದಳು ಮೆಹರುನಬಿ.

ಶಟ್ಟೆಪ್ಪ ಯಾರೂ ಹೇಳದೆಯೇ ಹೋಗಿ ದೇವರ ಜಗಲಿಗೆ ಬೆನ್ನು ಕೊಟ್ಟು ಬಾಗಿಲ ಕಡೆ ಮುಖ ಮಾಡಿ ಕುಳಿತ.

"ಈಗ ರಾಯವ್ವನ ಖೋಲಿ ಯಾ ಕಡೆ ಬಂತ್ರಿ?" ಎಂದೆ.

"ಬಲಕ್ಕ," ಎಂದ. ತಗ್ಗಿದ ದನಿಯಲ್ಲಿ.

ಅವತ್ತು ಮಧ್ಯಾಹ್ನ ಎರಡು ಪತ್ರಗಳಾದವು. ಒಂದು ರಾಯವ್ವನಿಗೆ: "ಒಲೆ, ಬೆಳಕಿಂಡಿ ಇರುವ ಖೋಲಿ." ಇನ್ನೊಂದು ಮೆಹರುನಬಿಗೆ: "ಹೊಲಿಗೆ ಮಶೀನು ಇರುವ ಖೋಲಿ." ಎಡ-ಬಲದ ಮಾತೇ ಇಲ್ಲ. ಅಕ್ಷರ ಒಣಗಿದ ಮೇಲೆ ಮೆಹರುನಬಿ ಎಲ್ಲರಿಗೂ ತೋರಿಸಿ ಫೋಟೋ ಅಳಿಸಿದಳು.

"ಮಾಮಾ, ನನ್ನ ಅಂಗಡಿ?" ಎಂದು ಕಲ್ಮೇಶ ಕೇಳುತ್ತಲೇ ಇದ್ದ. ಗಾಡಿಯವನು ಕಪಾಟನ್ನು ಕಟ್ಟೆಯ ಮೇಲೆ ಇಳಿಸಿ ಹೋಗಿದ್ದ. ಮೂರು ದಿನ ರಾಯವ್ವ ಅದರಲ್ಲಿ ರೊಟ್ಟಿ ಒಟ್ಟಿಟ್ಟಳು. ಗಾಜಿನೊಳಗೆ ಚೆಂದ ಕಾಣುತ್ತಿದ್ದವು. ನನಗೆ ಬರೆ ಹಾಕುವ ಮಾತು ಅವಳು ಮತ್ತೆ ಎತ್ತಲಿಲ್ಲ. ದಿನಾ ಎರಡು ಬಿಸಿ ರೊಟ್ಟಿ ಮಾತ್ರ ಎದುರು ಕಟ್ಟೆಗೆ ಬಂದವು.

ಶಟ್ಟೆಪ್ಪ ಕೊಟ್ಟ ವಾಯಿದೆ ತಪ್ಪಲಿಲ್ಲ. ಹಿಟ್ಟಿನ ಬೆರಳಚ್ಚು ಬಿದ್ದ ಕಪಾಟನ್ನು ಟಂಟಂ ಗಾಡಿಗೆ ಏರಿಸಿಕೊಂಡು ಗುರುವಾರ ಬೆಳಗ್ಗೆ ಆ ಮನೆ ಬಿಟ್ಟು ಹೋದವನು ಕಲ್ಮೇಶ.