ಹುಲ್ಲು ತಿನ್ನುವ ಗಾಡಿ

ಲಕ್ಷ್ಮೀಪತಿಯವರು ಎದುರಿಗೆ ಬರುವಾಗ ನಮ್ಮ ಬೀದಿಯಲ್ಲಿ ತಿಳಿದವರು ಯಾರೂ ಮಾತಾಡಿಸುತ್ತಿರಲಿಲ್ಲ, ಏಕೆಂದರೆ ಅವರು ಎಣಿಸುತ್ತಿರುತ್ತಿದ್ದರು. ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಳತೆಯ ಸರಪಳಿ ಹಿಡಿಸಿ ನಿವೃತ್ತರಾದ ಆ ಮನುಷ್ಯನ ಕಾಲುಗಳಿಗೆ ಮಾತ್ರ ನಿವೃತ್ತಿಯ ಆದೇಶ ತಲುಪಿರಲಿಲ್ಲ. ವಿಜಯನಗರದ ಮನೆಯಿಂದ ಹಾಲಿನ ಬೂತಿಗೆ ಇನ್ನೂರ ಹದಿನಾಲ್ಕು ಹೆಜ್ಜೆ, ಹೊಸಹಳ್ಳಿಯ ಬಸ್ ಸ್ಟಾಪಿಗೆ ಒಂಬೈನೂರ ಅರವತ್ತು. ಎಡಪಾದವನ್ನು ಕೊಂಚ ಹೊರಕ್ಕೆ ಚೆಲ್ಲಿ, ಪ್ರತಿ ಹೆಜ್ಜೆಯನ್ನೂ ಒಂದೇ ಅಳತೆಗೆ ಊರಿ, ತುಟಿಯಲ್ಲಿ ಮಂತ್ರದಂತೆ ಸಂಖ್ಯೆಯನ್ನು ಮಣಮಣಿಸುತ್ತ ಹೋಗುವರು. ತಿಳಿಯದವರು ಯಾರಾದರೂ “ಕಾಫಿ ಆಯ್ತಾ ಸಾರ್?” ಎಂದುಬಿಟ್ಟರೆ ಬೆರಳೊಂದನ್ನು ಮಡಿಸಿ, ಲೆಕ್ಕವನ್ನು ಅದರೊಳಗೆ ಹಿಡಿದಿಟ್ಟು, “ಆಯ್ತು” ಎಂದು, ಬೆರಳು ಬಿಚ್ಚಿ ಮುಂದಕ್ಕೆ ಸಾಗುವರು.

ಬೇಸಿಗೆ ಚಳಿಗಾಲಗಳ ಭೇದವನ್ನೇ ಅರಿಯದ ಒಂದು ಖಾಕಿ ಕೋಟು ಅವರ ಮೈಮೇಲೆ ಸದಾ ವಿರಾಜಮಾನವಾಗಿತ್ತು. ಅಡಿಕೋಲು ಹಿಡಿಸಲೆಂದು ಅದರ ಒಳಜೇಬನ್ನು ಮೊಳದುದ್ದ ಹೊಲಿಸಿದ್ದರು. “ಸ್ವರ್ಗಕ್ಕೆ ಹೋದ್ರೂ ಇದೇ ಕೋಟಲ್ಲೇ ಹೋಗಿ ಮೊದ್ಲು ಚಕ್ಕುಬಂದಿ ಕೇಳ್ತಾರೆ ನಮ್ಮನೆಯವ್ರು” ಎಂದು ಪತ್ನಿ ಅಂಬುಜಮ್ಮ ನಗುತ್ತಿದ್ದರು.

ಅವರ ನಿಜವಾದ ವ್ಯಸನ ಬೇರೆಯೇ ಇತ್ತು. ಕಚೇರಿಗಳ ಗೋಡೆಗೆ ಅಂಟಿಸಿದ ಪ್ರಕಟಣೆಗಳನ್ನು, ಗಾಳಿಗೆ ಹರಿದು ಅರ್ಧ ಉಳಿದವನ್ನೂ, ಅವರು ನಿಂತು ಓದುತ್ತಿದ್ದರು. ‘ಸಾರ್ವಜನಿಕರು ತಮ್ಮ ಸಲಹೆ, ಆಕ್ಷೇಪಣೆಗಳನ್ನು ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು’ ಎಂಬ ಸಾಲು ಕಂಡರೆ ಸಾಕು, ಲಗ್ನಪತ್ರಿಕೆ ಬಂದಷ್ಟು ಸಂಭ್ರಮ. ನಿಮಗೇಕೆ ಈ ಉಸಾಬರಿ ಎಂದರೆ, “ಅಲ್ಲಾ ಕಣ್ರೀ, ಸಾರ್ವಜನಿಕರು ಅಂದ್ರೆ ನಾನೇ ಅಲ್ವೇ? ಕರೆದಿದಾರೆ, ಹೋಗ್ದೇ ಇದ್ರೆ ಏನು ಚೆನ್ನ?” ಎಂದು ಕೇಳುವರು.

ಎಂಬತ್ತಾರನೆಯ ಇಸವಿಯ ಚಳಿಗಾಲದಲ್ಲಿ ಅಂಥದೊಂದು ಪ್ರಕಟಣೆ ಕಣ್ಣಿಗೆ ಬಿತ್ತು. ಕೆಂಗೇರಿಯ ಆಚೆಗಿನ ಹುಣಸೆಗುಡ್ಡ ಸರ್ಕಾರಿ ಗೋಮಾಳ. ರಾಜಾಜಿನಗರದ ಮೋಟಾರ್‌ಸೈಕಲ್ ಕ್ಲಬ್ಬಿನ ಹುಡುಗರಿಗೆ ಕಲ್ಲುಮಣ್ಣಿನ ಮೇಲೆ ಗಾಡಿ ಹಾರಿಸುವ ಹುಚ್ಚು. ಅವರ ಕೋರಿಕೆಯ ಮೇರೆಗೆ ಗುಡ್ಡದ ದಾರಿಯನ್ನು ಮೋಟಾರ್‌ಸೈಕಲ್ಲು, ಜೀಪುಗಳಿಗೆಂದು ಗೊತ್ತುಮಾಡುವ ಪ್ರಸ್ತಾಪ. ಹಾಗೆ ಗೊತ್ತುಮಾಡಿದ ಮೇಲೆ ಆ ದಾರಿಯಲ್ಲಿ ಬೇರೆ ಯಾರೂ ಕಾಲಿಡುವಂತಿಲ್ಲ. ಲಕ್ಷ್ಮೀಪತಿಯವರು ಆ ಸಾಲನ್ನು ಮತ್ತೊಮ್ಮೆ ಓದಿದರು. ಆ ದಾರಿಯನ್ನು ಯೌವನದಲ್ಲಿ ತಾವೇ ಅಳೆದು, ನಕ್ಷೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಂಡಿದಾರಿಯೆಂದು ಗುರುತಿಸಿದ್ದರು. ಗುಡ್ಡದ ಕೆಳಗಿನ ಹಟ್ಟಿಯವರು ಆಚೆಯ ಕಟ್ಟೆಗೆ ದನ ಹೊಡೆಯಲು, ಹುಲ್ಲು ಹೇರಿ ತರಲು ಇದ್ದುದು ಅದೊಂದೇ ಹಾದಿ.

ಮರುದಿನವೇ ಹಟ್ಟಿಗೆ ನಡೆದರು. ಅಲ್ಲಿ ನಾಲ್ಕು ಹಸು, ಒಂದು ಜೊತೆ ಎತ್ತು ಕಟ್ಟಿಕೊಂಡು ಬದುಕಿದ್ದ ನರಸಮ್ಮ ಎಂಬ ಮುದುಕಿಯೇ ಊರಿಗೆಲ್ಲ ಬಾಯಿ. ದಾರಿ ಕೈತಪ್ಪಲಿದೆ ಎಂಬ ಸುದ್ದಿ ಕೇಳಿದವಳೇ “ಬರ್ಕೊಳ್ಳಿ ಸೋಮಿ” ಎಂದಳು. “ಗುಡ್ಡದ ಮ್ಯಾಲೆ ಗಾಡಿ ಓಡಾಡೋ ದಾರಿ ನಮ್ಗೆ ಬೇಕೇ ಬೇಕು. ತಪ್ಪಿಸ್‌ಬ್ಯಾಡಿ.” ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು, ಅಕ್ಷರವೊಂದನ್ನೂ ಕೂಡಿಸದಿರುವುದು, ಮಹಜರು ಬರೆದೂ ಬರೆದೂ ಅವರಿಗೆ ಅಂಟಿದ ವ್ರತ. ಮುತ್ತಿನಂಥ ಅಕ್ಷರದಲ್ಲಿ ಅಷ್ಟನ್ನೇ ಬರೆದು, ಮೂವತ್ತೆಂಟು ಹೆಬ್ಬೆಟ್ಟು ಒತ್ತಿಸಿ, ತಮ್ಮದೊಂದು ಆಕ್ಷೇಪಣೆಯನ್ನು ಪ್ರತ್ಯೇಕವಾಗಿ ಲಗತ್ತಿಸಿ ಸಲ್ಲಿಸಿದರು.

ಅಹವಾಲಿನ ದಿನ ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಮೇಜು ಹಾಕಿದ್ದರು. ಅಧಿಕಾರಿಗಳು ಕಾಗದ ನೋಡಿ ಓದಿದರು: “ಕ್ಲಬ್ಬಿನವರದು ಮೂರು, ಹಟ್ಟಿಯವರದು ಮೂವತ್ತೆಂಟು, ಒಟ್ಟು ಪರವಾಗಿ ನಲವತ್ತೊಂದು. ವಿರೋಧ, ಒಂದು.” ಲಕ್ಷ್ಮೀಪತಿಯವರಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಶ್ಯಾಮಸುಂದರ, ಯೆಜ್ಡಿ ಬೈಕಿನ ಚೆಂದದ ತರುಣ, ಓಡಿಬಂದು ನರಸಮ್ಮನ ಎರಡೂ ಕೈ ಹಿಡಿದುಕೊಂಡ.

“ತುಂಬಾ ಥ್ಯಾಂಕ್ಸ್ ಅಜ್ಜಿ! ಇಡೀ ಊರೇ ನಮ್ ಗಾಡಿಗೆ ಸಪೋರ್ಟ್ ಮಾಡಿದೀರ!”

“ಯಾವ್ ಗಾಡಿಗಪ್ಪಾ?” ಎಂದಳು ನರಸಮ್ಮ.

ಲಕ್ಷ್ಮೀಪತಿಯವರಿಗೆ ಆಗ ಹೊಳೆಯಿತು. ಪೇಟೆಯಲ್ಲಿ ಗಾಡಿಯೆಂದರೆ ಮೋಟಾರ್‌ಸೈಕಲ್ಲು. ಹಟ್ಟಿಯಲ್ಲಿ ಗಾಡಿಯೆಂದರೆ ಎತ್ತು ಹೂಡಿದ್ದು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಮೂವತ್ತೊಂದು ವರ್ಷ ಯಾವ ಮೇಲಧಿಕಾರಿಯೂ ತಪ್ಪು ಹಿಡಿಯದ ಬರಹ, ಇಂದು ನಂಬಿದ ಮುದುಕಿಯ ದಾರಿಯನ್ನೇ ಕಿತ್ತುಕೊಳ್ಳುತ್ತಿತ್ತು. ನಾಚಿಕೆಯಿಂದ ಅವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಎದ್ದು ನಿಂತರು.

“ಸ್ವಾಮಿ, ತಪ್ಪು ನಂದು. ಬರೆದೋನು ನಾನು.”

ವಿಷಯ ತಿಳಿದ ಅಧಿಕಾರಿಗಳು ಒಳ್ಳೆಯವರು. “ಅದಕ್ಕೇನಂತೆ, ‘ಎತ್ತಿನ’ ಅಂತ ಒಂದು ಪದ ಸೇರಿಸ್ಬಿಡಿ, ಮುಗೀತು” ಎಂದು ಪೆನ್ನು ಚಾಚಿದರು. ಈ ಮಹಾನುಭಾವರು ಮುಟ್ಟಲಿಲ್ಲ! “ಆಕೆ ಹೇಳದೇ ಇರೋ ಮಾತನ್ನ ನಾನು ಹ್ಯಾಗೆ ಬರೀಲಿ?” ಎಂದರು. ಹಟ್ಟಿಯವರು ಹಣೆ ಚಚ್ಚಿಕೊಂಡರು. ಲಕ್ಷ್ಮೀಪತಿಯವರು ಮಾತ್ರ ಮುದುಕಿಯ ಕಡೆ ತಿರುಗಿ, “ನರಸಮ್ಮನೋರೆ, ನಿಮ್ ಗಾಡಿ ಎಂಥದು ಅಂತ ನೀವೇ ಹೇಳಿ” ಎಂದು ಕೈಮುಗಿದರು.

ನರಸಮ್ಮ ಸೆರಗು ಸಿಕ್ಕಿಸಿದಳು. “ಇವ್ರ್ ಗಾಡಿಗೆ ಪೆಟ್ರೋಲ್ ಹಾಕ್ತಾರೆ, ನಮ್ ಗಾಡಿಗೆ ಹುಲ್ ಹಾಕ್ತೀವಿ. ಇವ್ರ್ ಗಾಡಿ ಹೊಗೆ ಬಿಡ್ತದೆ, ನಮ್ ಗಾಡಿ ಸಗಣಿ ಹಾಕ್ತದೆ. ಬರ್ಕೊಳ್ಳಿ.”

ಹೊಂಗೆಮರದ ಕೆಳಗೆ ನಗೆಯೋ ನಗೆ. ಶ್ಯಾಮಸುಂದರನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಲಕ್ಷ್ಮೀಪತಿಯವರೊಬ್ಬರು ಮಾತ್ರ ನಗದೆ, ಸಗಣಿಯನ್ನೂ ಬಿಡದೆ, ಅಕ್ಷರಶಃ ಬರೆದುಕೊಂಡರು.

ನಕ್ಕ ಮೇಲೆ ಹುಡುಗನ ಮುಖ ಸಪ್ಪಗಾದುದನ್ನು ಅವರು ಗಮನಿಸಿದ್ದರು. ಮುಂದಿನ ಭಾನುವಾರ ಅವನನ್ನೂ ಅವನ ಸಂಗಡಿಗರನ್ನೂ ಗುಡ್ಡದ ಹಿಂಬದಿಯ ಪಾಳುಬಿದ್ದ ಕಲ್ಲುಕ್ವಾರಿಗೆ ಕರೆದೊಯ್ದರು. ಅಲ್ಲಿ ಹುಲ್ಲಿಲ್ಲ, ದನವಿಲ್ಲ, ಹಳ್ಳದಿಣ್ಣೆಗಳಿಗೆ ಬರವಿಲ್ಲ. ಇಂಜಿನ್ ಸದ್ದಿಗೆ ಎಣಿಕೆ ತಪ್ಪುತ್ತದೆಂದು ಗದರಿಸಿದ್ದರಿಂದ, ಮುಂದೆ ಖಾಕಿ ಕೋಟು ಹೆಜ್ಜೆ ಎಣಿಸುತ್ತ, ಹಿಂದೆ ಎಂಟು ಮಂದಿ ಶೂರರು ಬೈಕುಗಳನ್ನು ತಳ್ಳುತ್ತ ಬೆವರಿಳಿಸಿದರು. “ಮಗಾ, ರೇಸಲ್ಲೂ ಇಷ್ಟು ಸುಸ್ತಾಗ್ಲಿಲ್ಲ” ಎಂದು ಒಬ್ಬ ಗೊಣಗಿದ. ಸಾವಿರದ ಆರುನೂರ ಹನ್ನೆರಡು ಹೆಜ್ಜೆ. ಕೊನೆಗೆ ಸರ್ಕಾರದಿಂದ ಬಂದ ನಕ್ಷೆಯಲ್ಲಿ ಎರಡು ಗೆರೆಗಳಿದ್ದವು: ಮೋಟಾರ್‌ಸೈಕಲ್ಲುಗಳಿಗೆ ಕ್ವಾರಿಯ ಹೊಸ ದಾರಿ, ಹಟ್ಟಿಯವರಿಗೆ ಅವರ ಹಳೆಯ ದಾರಿ. ಹಳೆಯ ಚುಕ್ಕೆಗೆರೆಯ ಕೆಳಗೆ ಯಾವನೋ ರಸಿಕ ನಕ್ಷೆಗಾರ, ‘ಹುಲ್ಲು ತಿನ್ನುವ ಗಾಡಿಗಳಿಗೆ ಮಾತ್ರ’ ಎಂದು ಬರೆದಿದ್ದ.

ಆ ಪ್ರಕಟಣೆಯನ್ನು ನಾನೂ ಓದಿದ್ದೆ; ಯಾರಾದರೂ ಹೋಗುತ್ತಾರೆಂದು ಮುಂದಕ್ಕೆ ನಡೆದಿದ್ದೆ. ಸಾರ್ವಜನಿಕರು ಎಂಬ ಬಹುವಚನದ ಮರೆಯಲ್ಲಿ ನಾವೆಲ್ಲ ಹಾಯಾಗಿ ಅಡಗಿ ಕೂತಿರುತ್ತೇವೆ. ಎಲ್ಲೋ ಒಬ್ಬರಿಗೆ ಮಾತ್ರ ಅದು ತಮ್ಮ ಹೆಸರು ಹಿಡಿದು ಕೂಗಿದಂತೆ ಕೇಳಿಸುತ್ತದೆ. ಅವರು ಕೋಟು ಹಾಕಿಕೊಂಡು ಹೊರಡುತ್ತಾರೆ, ತಪ್ಪು ಮಾಡುತ್ತಾರೆ, ಎದ್ದು ನಿಂತು ತಪ್ಪೆನ್ನುತ್ತಾರೆ. ನಾವು ನಿಶ್ಚಿಂತೆಯಿಂದ ಓಡಾಡುವ ಎಷ್ಟು ದಾರಿಗಳನ್ನು ಇಂಥವರು ನಮಗಾಗಿ ಎಣಿಸಿ ಇಟ್ಟಿದ್ದಾರೋ, ನಾವಂತೂ ಎಣಿಸಿದವರಲ್ಲ.