ಬಿಳಿಜೋಳದ ಪ್ರಶ್ನೆ

ವಾಣಿಶ್ರೀ ಆರನೇ ತರಗತಿಗೆ ಬಂದರೂ ಅವಳ ದನಿ ಹೇಗಿದೆ ಎಂಬುದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಹೆಡ್‌ಮಾಸ್ತರ್ ಸಕ್ರಪ್ಪನವರು ಅವಳನ್ನು ದಡ್ಡರ ಪಟ್ಟಿಗೆ ಸೇರಿಸಿ ಎಂದೋ ಕೈ ತೊಳೆದುಕೊಂಡಿದ್ದರು.

ಡಂಬಳದ ಆಚೆಗಿನ ಆ ಹಳ್ಳಿಗೆ ತೃಪ್ತಿ ಟೀಚರಾಗಿ ಬಂದ ವರ್ಷವೇ ಯಾವುದೋ ಸಂಸ್ಥೆಯವರು ಶಾಲೆಗೆ ಉತ್ತರದ ಕಾರ್ಡುಗಳನ್ನು ಕೊಟ್ಟುಹೋದರು. ಮಗುವಿಗೊಂದು ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ಗುರುತು, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಸರಿ ಅನ್ನಿಸಿದ ಬದಿಯನ್ನು ಮೇಲೆ ಮಾಡಿ ಹಿಡಿದರೆ ಸಾಕು. ಟೀಚರು ಮೊಬೈಲ್ ಕ್ಯಾಮೆರಾ ತೋರಿಸಿದ ಕೂಡಲೇ ಯಾರ ಉತ್ತರ ಏನೆಂದು ಬಂದುಬಿಡುತ್ತದೆ, ಸರಿಯಿದ್ದರೆ ಹೆಸರು ಹಸಿರು, ತಪ್ಪಿದ್ದರೆ ಕೆಂಪು.

"ಬಾಯಿ ಬಿಡೋದು ಬ್ಯಾಡವಾ, ಕಾರ್ಡು ಹಿಡಿ. ನಿನ್ನ ಉತ್ತರ ನನಗಷ್ಟ ಕಾಣಸ್ತದ," ಎಂದು ತೃಪ್ತಿ ವಾಣಿಶ್ರೀಗೆ ಮಾತು ಕೊಟ್ಟಳು.

ಮೊದಲ ವಾರವೇ ಹತ್ತಕ್ಕೆ ಒಂಬತ್ತು ಸರಿ. ದಡ್ಡಿಯಂತೆ, ದಡ್ಡಿ! ಎದೆಗವಚಿ ಹಿಡಿಯುತ್ತಿದ್ದ ಕಾರ್ಡನ್ನು ಹುಡುಗಿ ಮೂರು ತಿಂಗಳಲ್ಲಿ ತಲೆಗಿಂತ ಮೇಲೆತ್ತಿ ಹಿಡಿಯತೊಡಗಿದಳು. ಒಮ್ಮೆ ನಕ್ಕಳು ಕೂಡ. ಇನ್ನೇನು ಮಾತೂ ಬರುತ್ತದೆ ಎಂದು ತೃಪ್ತಿ ಆಸೆಯಿಂದ ಕಾಯುತ್ತಿದ್ದಳು.

ಅಷ್ಟರಲ್ಲಿ ಸಂಸ್ಥೆಯ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಸಕ್ರಪ್ಪನವರ ಮೈಮೇಲೆ ದೇವರೇ ಬಂತು. ಸಂಸ್ಥೆ ಮೊದಲೇ ಕಳಿಸಿದ್ದ ಐದು ಪ್ರಶ್ನೆ ಮತ್ತು ಉತ್ತರಗಳನ್ನು ಹಿಂದಿನ ದಿನವಿಡೀ ಗಿಳಿಪಾಠ ಮಾಡಿಸಿದರು. ನಾಲ್ಕನೆಯದು, ನಮ್ಮ ಭಾಗದಲ್ಲಿ ಬಿಳಿಜೋಳ ಬಿತ್ತುವುದು ಯಾವಾಗ ಎಂದಿತ್ತು. ಉತ್ತರ: ಮುಂಗಾರು.

"ಸರ, ಇದು ತಪ್ಪದರೀ. ಇಲ್ಲೆ ಹಿಂಗಾರಿಗೆ ಬಿತ್ತತಾರ," ಎಂದಳು ತೃಪ್ತಿ.

"ನನಗ ಗೊತ್ತಿಲ್ಲೇನ್ರಿ? ನಮ್ಮ ಎರಿ ಹೊಲದಾಗೂ ಈಗ ಜ್ವಾಳದ ಕೂರಿಗಿ ನಡದೈತಿ. ಸಾಹೇಬ್ರು ಕಳಿಸಿದ ಉತ್ತರ ಹಂಗೈತಿ, ನಾವ್ಯಾಕ ತಿದ್ದಾಕ ಹೋಗೂದು? ಎಲ್ಲಾ ಹಸರ ಬಂದ್ರ ಆತು."

ತೃಪ್ತಿ ಕಾಯಂ ಆಗಲು ಇನ್ನೂ ಎಂಟು ತಿಂಗಳಿತ್ತು. ಅವಳ ಬಗ್ಗೆ ವರದಿ ಬರೆಯಬೇಕಾದವರು ಇದೇ ಸಕ್ರಪ್ಪನವರು. ಎರಡು ಹೊತ್ತೂ ಜೋಳದ ರೊಟ್ಟಿ ತಿಂದು ಬೆಳೆದ ಮಕ್ಕಳು "ಮುಂಗಾರು, ಮುಂಗಾರು" ಎಂದು ಗಂಟಲು ಹರಿಯುವಂತೆ ಒದರಿದರು. ವಾಣಿಶ್ರೀ ಮಾತ್ರ ಅಂದು ಶಾಲೆಗೆ ಬಂದಿರಲಿಲ್ಲ. ಅವ್ವನ ಜೊತೆ ಕೂರಿಗೆಯ ಹಿಂದೆ ಜೋಳ ಬಿತ್ತಲು ಹೋಗಿದ್ದಳು.

ಮರುದಿನ ಬಂದ ಸಾಹೇಬರು ಎಲ್ಲರ ಹೆಸರೂ ಗೋಡೆಯ ಟಿವಿಯಲ್ಲಿ ದೊಡ್ಡದಾಗಿ ಕಾಣುವಂತೆ ಮಾಡಿಸಿದರು. ಉತ್ತರ ತನಗಷ್ಟೇ ಕಾಣುತ್ತದೆ ಎಂದು ಕೊಟ್ಟಿದ್ದ ಮಾತು ತೃಪ್ತಿಗೆ ನೆನಪಾಯಿತು. ನಾಲ್ಕನೇ ಪ್ರಶ್ನೆಗೆ ಮೂವತ್ತೊಂದು ಹೆಸರು ಹಸಿರಾದವು. ವಾಣಿಶ್ರೀಯದೊಂದೇ ಕೆಂಪು.

"ಯಾರದು ವಾಣಿಶ್ರೀ? ಎದ್ದು ನಿಲ್ಲು," ಎಂದರು ಸಾಹೇಬರು, ನಗುತ್ತಲೇ. "ರೈತರ ಮಗಳಾಗಿ ಜೋಳ ಯಾವಾಗ ಬಿತ್ತೋದು ಗೊತ್ತಿಲ್ವಾ?"

ಮಕ್ಕಳು ಗೊಳ್ಳೆಂದರು. "ಅದು ಮೊದಲಿಂದಾನೂ ಹಂಗರೀ ಸಾಹೇಬ್ರ, ತಲಿಗೆ ಹತ್ತಂಗಿಲ್ಲ," ಎಂದರು ಸಕ್ರಪ್ಪನವರು.

ಹುಡುಗಿ ಸಾಹೇಬರನ್ನು ನೋಡಲಿಲ್ಲ, ನಕ್ಕವರನ್ನೂ ನೋಡಲಿಲ್ಲ. ತೃಪ್ತಿಯನ್ನೇ ನೋಡುತ್ತ ನಿಂತಳು. ಒಂದೇ ಒಂದು ಮಾತು ಸಾಕಿತ್ತು. ತೃಪ್ತಿ ತಲೆ ತಗ್ಗಿಸಿ ಮೊಬೈಲ್ ಒತ್ತಿ ಐದನೇ ಪ್ರಶ್ನೆ ತಂದಳು. ತನ್ನ ಬಗ್ಗೆ ತನಗೇ ಅಷ್ಟು ಹೇಸಿಗೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಸಾಹೇಬರು ಶಾಲೆಯನ್ನು ಬಾಯಿ ತುಂಬ ಹೊಗಳಿ, ಫೋಟೊ ತೆಗೆಸಿಕೊಂಡು ಗದಗಿನ ಕಡೆ ಹೋದರು.

ಮರುದಿನ ತರಗತಿಗೆ ಬಂದವಳೇ ತೃಪ್ತಿ, "ನಿನ್ನೆ ವಾಣಿಶ್ರೀದೊಂದ ಉತ್ತರ ಖರೆ ಇತ್ತು. ಆಗ ನನಗ ಹೇಳಲಿಕ್ಕೆ ಆಗಲಿಲ್ಲ. ನಂದ ತಪ್ಪು," ಎಂದಳು. ಬಂತಪ್ಪ ಧೈರ್ಯ, ಕೇಳಬೇಕಾದವರೆಲ್ಲ ಹೋದ ಮೇಲೆ!

ಅವಳು ಕಾರ್ಡು ಹಂಚಿ ಹಲಗೆಯ ಮೇಲೆ ಹೊಸ ಪ್ರಶ್ನೆ ಬರೆದು ಮೊಬೈಲ್ ಎತ್ತಿದಳು. ಮೂವತ್ತೊಂದು ಕಾರ್ಡು ಮೇಲೆದ್ದವು. ವಾಣಿಶ್ರೀ ತನ್ನದನ್ನು ಕೆಳಗಿಟ್ಟು ಎದ್ದು ನಿಂತಳು, ಬಾಯಿ ತೆರೆದಳು. ದನಿ ತೆಳ್ಳಗಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

"ಟೀಚರ್ರೀ, ಇವತ್ತ ಖರೇದು ಹಿಡೀಬೇಕೋ, ಸಾಹೇಬ್ರದು ಹಿಡೀಬೇಕೋ?"